ಗರ್ಭಕೋಶದ ಪಾಲಿಪ್: ಕಾಯುವುದೋ, ತೆಗೆಸುವುದೋ, ತೆಗೆಸುವುದಾದರೆ ಹೇಗೆ?

ಸ್ಕ್ಯಾನಿಂಗ್ ವರದಿಯ ಕೊನೆಯಲ್ಲಿ "ಎಂಡೊಮೆಟ್ರಿಯಲ್ ಪಾಲಿಪ್, 9 × 6 ಮಿ.ಮೀ." ಎಂಬ ಒಂದು ಸಾಲು ಕಂಡ ಕೂಡಲೇ ಮನೆಯಲ್ಲಿ ಎರಡು ಬಗೆಯ ಸಲಹೆಗಳು ಶುರುವಾಗುತ್ತವೆ. "ಸಣ್ಣದು, ಏನೂ ಆಗೋದಿಲ್ಲ, ಬಿಟ್ಟುಬಿಡು" ಎನ್ನುವವರು ಒಂದು ಕಡೆ; "ಹೇಗೂ ಮಕ್ಕಳಾಗಿವೆ, ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ತಂಟೆ ಮುಗಿಯಿತು" ಎನ್ನುವವರು ಇನ್ನೊಂದು ಕಡೆ. ಈ ಎರಡೂ ಕೆಲವರಿಗೆ ಸರಿಯಾದ ಸಲಹೆಗಳೇ. ಆದರೆ ಬಹುಪಾಲು ಮಹಿಳೆಯರಿಗೆ ಹೊಂದುವ ದಾರಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದು ಯಾವುದೆಂಬುದನ್ನು ಪಾಲಿಪ್‌ನ ಅಳತೆಯೊಂದೇ ಹೇಳುವುದಿಲ್ಲ. ರಕ್ತಸ್ರಾವದ ತೊಂದರೆ ಇದೆಯೇ, ಮುಟ್ಟು ನಿಂತಿದೆಯೇ, ಮುಂದೆ ಮಗು ಬೇಕೇ ಎಂಬ ಮೂರು ಪ್ರಶ್ನೆಗಳ ಉತ್ತರವೇ ಇಲ್ಲಿ ಹೆಚ್ಚಿನ ತೂಕದ್ದು.

ಪಾಲಿಪ್ ಎಂದರೆ ಗರ್ಭಕೋಶದ ಒಳಪದರವು ಒಂದು ಕಡೆ ಮಾತ್ರ ಹೆಚ್ಚಾಗಿ ಬೆಳೆದು ಒಳಗಿನ ಪೊಳ್ಳು ಜಾಗಕ್ಕೆ ಚಾಚಿಕೊಂಡ ಮೆತ್ತನೆಯ ಮಾಂಸದ ಮುದ್ದೆ. ಕೆಲವಕ್ಕೆ ಅಣಬೆಯ ಹಾಗೆ ತೊಟ್ಟಿರುತ್ತದೆ, ಕೆಲವು ಅಗಲ ಬುಡದಿಂದ ಗೋಡೆಗೆ ಅಂಟಿಕೊಂಡಿರುತ್ತವೆ. ನಡುವೆ ಒಂದು ರಕ್ತನಾಳ ಹಾದುಹೋಗಿರುತ್ತದೆ. ಕೆಲವೇ ಮಿಲಿಮೀಟರುಗಳಿಂದ ಹಿಡಿದು ಹಲವು ಸೆಂಟಿಮೀಟರುಗಳವರೆಗೂ ಬೆಳೆಯಬಲ್ಲದು, ಒಂದೇ ಇರಬಹುದು, ಹಲವೂ ಇರಬಹುದು. ಫೈಬ್ರಾಯ್ಡ್ ಇದಕ್ಕಿಂತ ಬೇರೆ: ಅದು ಗರ್ಭಕೋಶದ ಸ್ನಾಯುವಿನಿಂದ ಹುಟ್ಟುವ ಗಟ್ಟಿ ಗಡ್ಡೆ. ಗರ್ಭಕೋಶದ ಕೊರಳಿನಲ್ಲಿ ಬೆಳೆಯುವ ಪಾಲಿಪ್ ಕೂಡ ಬೇರೆಯೇ. ಅದು ಸಾಮಾನ್ಯ ತಪಾಸಣೆಯಲ್ಲಿಯೇ ಕಣ್ಣಿಗೆ ಕಾಣುವುದರಿಂದ ಹೆಚ್ಚಿನ ಸಲ ಹೊರರೋಗಿ ವಿಭಾಗದಲ್ಲಿಯೇ ತಿರುಚಿ ತೆಗೆದುಬಿಡುತ್ತಾರೆ. ಈ ಬರಹ ಗರ್ಭಕೋಶದ ಒಳಗಿನದಕ್ಕೆ ಸಂಬಂಧಿಸಿದ್ದು.

ಇದು ಏಕೆ ಬೆಳೆಯುತ್ತದೆ ಎಂಬುದಕ್ಕೆ ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲಾಗದು. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವ ಇದರ ಹಿಂದೆ ಇದೆ. ನಲವತ್ತು ದಾಟಿದವರಲ್ಲಿ, ಬೊಜ್ಜು ಮತ್ತು ರಕ್ತದೊತ್ತಡ ಇರುವವರಲ್ಲಿ, ಸ್ತನ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಹೆಚ್ಚು. ಮುಟ್ಟುಗಳ ನಡುವೆ ರಕ್ತ ಕಾಣಿಸಿಕೊಳ್ಳುವುದು, ಮುಟ್ಟಿನ ಸ್ರಾವ ಹೆಚ್ಚುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಗರ್ಭ ನಿಲ್ಲದಿರುವುದು, ಇವು ಸಾಮಾನ್ಯ ಲಕ್ಷಣಗಳು. ಯಾವ ಲಕ್ಷಣವೂ ಇಲ್ಲದೆ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಂಡುಬರುವ ಪಾಲಿಪ್‌ಗಳೂ ಬಹಳ.

ಮೊದಲ ಆಯ್ಕೆ: ಯಾವ ಪರೀಕ್ಷೆಯನ್ನು ನಂಬುವುದು

ಚಿಕಿತ್ಸೆಯ ಆಯ್ಕೆಗೆ ಹೋಗುವ ಮೊದಲು ವರದಿಯನ್ನೇ ಸ್ವಲ್ಪ ಪರೀಕ್ಷಿಸಬೇಕು, ಏಕೆಂದರೆ ಸ್ಕ್ಯಾನಿಂಗಿನಲ್ಲಿ ಪಾಲಿಪ್ ಎಂದು ಕಂಡದ್ದೆಲ್ಲ ಪಾಲಿಪ್ ಆಗಿರುವುದಿಲ್ಲ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗಿಗಿಂತ ಯೋನಿಮಾರ್ಗದ ಸ್ಕ್ಯಾನಿಂಗ್ ಒಳಪದರವನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಅದನ್ನು ಮುಟ್ಟಿನ ಚಕ್ರದ ಯಾವ ದಿನ ಮಾಡಿಸಿದಿರಿ ಎಂಬುದು ಮುಖ್ಯ. ಮುಟ್ಟು ಬರುವ ಹಿಂದಿನ ವಾರಗಳಲ್ಲಿ ಒಳಪದರ ಸಹಜವಾಗಿಯೇ ದಪ್ಪಗಾಗಿ, ಏರುಪೇರಾಗಿ ಕಾಣುತ್ತದೆ. ಆಗ ಇಲ್ಲದ ಪಾಲಿಪ್ ಇದೆಯೆಂದು ತೋರಬಹುದು, ಇರುವುದು ಮರೆಯಾಗಿಯೂ ಹೋಗಬಹುದು. ಮುಟ್ಟು ಶುರುವಾದ ದಿನದಿಂದ ಎಣಿಸಿ ಹತ್ತನೆಯ ದಿನದೊಳಗೆ, ಸ್ರಾವ ನಿಂತ ಮೇಲೆ, ಮಾಡಿಸಿದ ಸ್ಕ್ಯಾನಿಂಗ್ ಹೆಚ್ಚು ವಿಶ್ವಾಸಾರ್ಹ. ನಿಮ್ಮ ವರದಿ ಹಾಗೆ ಎಣಿಸಿದಾಗ ಇಪ್ಪತ್ತೆರಡನೆಯ ದಿನದ್ದಾಗಿದ್ದು ತೊಂದರೆಯೇನೂ ಇಲ್ಲದಿದ್ದರೆ, ಮುಂದಿನ ಮುಟ್ಟಾದ ಮೇಲೆ ಇನ್ನೊಮ್ಮೆ ನೋಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ವರದಿಯಲ್ಲಿ "ಫೀಡಿಂಗ್ ವೆಸೆಲ್" ಎಂದು ಬರೆದಿದ್ದರೆ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಂಗಿನಲ್ಲಿ ಆ ಮುದ್ದೆಗೆ ಹೋಗುವ ರಕ್ತನಾಳ ಕಂಡಿದೆ ಎಂದರ್ಥ, ಮತ್ತು ಅದು ನಿಜವಾದ ಪಾಲಿಪ್ ಆಗಿರುವ ಸಾಧ್ಯತೆ ಹೆಚ್ಚು.

ಸಂದೇಹ ಉಳಿದರೆ ಸಲೈನ್ ಸ್ಕ್ಯಾನಿಂಗ್ ಇದೆ. ತೆಳುವಾದ ನಳಿಕೆಯ ಮೂಲಕ ಗರ್ಭಕೋಶದೊಳಗೆ ಸ್ವಲ್ಪ ಉಪ್ಪುನೀರಿನ ದ್ರಾವಣ ಬಿಟ್ಟು ನೋಡುತ್ತಾರೆ. ಅಂಟಿಕೊಂಡಿದ್ದ ಗೋಡೆಗಳು ಬೇರೆಯಾಗುವುದರಿಂದ ಪಾಲಿಪ್ ನೀರಿನ ನಡುವೆ ಎದ್ದು ಕಾಣುತ್ತದೆ. ಅರಿವಳಿಕೆ ಬೇಡ, ಮುಟ್ಟಿನ ನೋವಿನಂಥ ಸೆಳೆತ ಕೆಲಹೊತ್ತು ಇರುತ್ತದೆ. ಹಿಸ್ಟರೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ನಳಿಕೆಯನ್ನೇ ಒಳಗೆ ಹಾಯಿಸಿ ನೇರವಾಗಿ ನೋಡುತ್ತಾರೆ. ರೋಗನಿರ್ಣಯದಲ್ಲಿ ಇದಕ್ಕಿಂತ ಖಚಿತವಾದದ್ದು ಇಲ್ಲ, ಕಂಡದ್ದನ್ನು ಅಲ್ಲಿಯೇ ತೆಗೆಯಲೂಬಹುದು. ರಕ್ತಸ್ರಾವ ಇದ್ದು ಸ್ಕ್ಯಾನಿಂಗಿನಲ್ಲಿ ಪಾಲಿಪ್ ಸ್ಪಷ್ಟವಾಗಿಯೇ ಕಂಡಿದ್ದರೆ ನಡುವಿನ ಸಲೈನ್ ಸ್ಕ್ಯಾನಿಂಗನ್ನು ಬಿಟ್ಟು ನೇರವಾಗಿ ಹಿಸ್ಟರೋಸ್ಕೋಪಿಗೆ ಹೋಗುವುದೇ ಹಣ ಮತ್ತು ಓಡಾಟದ ದೃಷ್ಟಿಯಿಂದ ಮೇಲು. ಪಾಲಿಪ್ ಇದೆಯೋ ಇಲ್ಲವೋ ಎಂಬುದೇ ಅನುಮಾನವಾಗಿದ್ದರೆ ಸಲೈನ್ ಸ್ಕ್ಯಾನಿಂಗ್ ಅನವಶ್ಯಕ ಶಸ್ತ್ರಕ್ರಿಯೆಯನ್ನು ತಪ್ಪಿಸಬಲ್ಲದು.

ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಇಲ್ಲೊಂದು ಮಾತು. ಆ ಮಾತ್ರೆಯಿಂದ ಒಳಪದರದ ಕೆಳಗೆ ಸಣ್ಣ ನೀರ್ಗುಳ್ಳೆಗಳಾಗಿ ಸ್ಕ್ಯಾನಿಂಗಿನಲ್ಲಿ ಪದರವೇ ದಪ್ಪಗಾಗಿದೆ ಎಂದು ತೋರುವುದುಂಟು. ಆದ್ದರಿಂದ ಅವರಲ್ಲಿ ದಪ್ಪದ ಅಂಕಿಯೊಂದನ್ನೇ ಹಿಡಿದು ಗಾಬರಿಯಾಗಬೇಕಿಲ್ಲ. ಆದರೆ ರಕ್ತ ಕಂಡರೆ ಮಾತ್ರ ಅದೇ ವಾರ ವೈದ್ಯರನ್ನು ನೋಡಬೇಕು. ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕಾಯುವುದು ಯಾರಿಗೆ ಸರಿ

ಮುಟ್ಟು ಇನ್ನೂ ಬರುತ್ತಿದ್ದು, ಪಾಲಿಪ್ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು, ಯಾವ ತೊಂದರೆಯೂ ಇಲ್ಲದಿದ್ದರೆ ಕಾಯುವುದು ಅಸಡ್ಡೆಯಲ್ಲ, ಒಪ್ಪಿತ ವೈದ್ಯಕೀಯ ಕ್ರಮವೇ. ನಾರ್ವೆಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಒಂದು ವರ್ಷದೊಳಗೆ ಸುಮಾರು 27% ಪಾಲಿಪ್‌ಗಳು ಚಿಕಿತ್ಸೆಯಿಲ್ಲದೆ ತಾವಾಗಿಯೇ ಕರಗಿದ್ದವು, ಮತ್ತು ಹಾಗೆ ಕರಗಿದವುಗಳಲ್ಲಿ ಚಿಕ್ಕವೇ ಹೆಚ್ಚು. ಕಾಯುವುದೆಂದರೆ ವರದಿಯನ್ನು ಬೀರುವಿನಲ್ಲಿಟ್ಟು ಮರೆಯುವುದಲ್ಲ. ವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಕೆಲವು ತಿಂಗಳಿನಿಂದ ಒಂದು ವರ್ಷದೊಳಗೆ, ಮತ್ತೆ ಸ್ಕ್ಯಾನಿಂಗ್ ಮಾಡಿಸಬೇಕು. ಮುಟ್ಟಿನ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು.

ಪಾಲಿಪ್‌ನೊಳಗೆ ಕ್ಯಾನ್ಸರ್ ಇರಬಹುದೇ ಎಂಬುದು ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಟ್ಟು ನಿಲ್ಲದ ಮಹಿಳೆಯರ ಪಾಲಿಪ್‌ಗಳಲ್ಲಿ ನೂರಕ್ಕೆ ಒಂದೆರಡರಲ್ಲಿ, ಮುಟ್ಟು ನಿಂತವರಲ್ಲಿ ನೂರಕ್ಕೆ ಸುಮಾರು ಐದರಲ್ಲಿ ಕ್ಯಾನ್ಸರ್ ಅಥವಾ ಅದಕ್ಕೆ ತಿರುಗಬಲ್ಲ ಬದಲಾವಣೆ ಕಂಡುಬಂದಿದೆ. ರಕ್ತಸ್ರಾವ ಇದ್ದವರಲ್ಲಿ ಈ ಪ್ರಮಾಣ ಇಲ್ಲದವರಿಗಿಂತ ಹೆಚ್ಚು. ಅಂದರೆ ಒಟ್ಟಾರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲಿಪ್‌ಗಳು ನಿರಪಾಯಕಾರಿಯೇ. ಆದರೆ ಯಾವುದು ಉಳಿದ ಗುಂಪಿಗೆ ಸೇರಿದ್ದು ಎಂಬುದನ್ನು ಸ್ಕ್ಯಾನಿಂಗ್ ಹೇಳಲಾರದು, ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರ ತಿಳಿಯುತ್ತದೆ.

ಹೀಗಾಗಿ ಮುಟ್ಟು ನಿಂತ ಮೇಲೆ ಪಾಲಿಪ್‌ನಿಂದ ರಕ್ತ ಕಾಣುತ್ತಿದ್ದರೆ ಕಾಯುವ ಆಯ್ಕೆ ಇಲ್ಲವೆಂದೇ ತಿಳಿಯಬೇಕು. "ಒಂದು ಹನಿ ಕಂಡಿತ್ತು, ಆಮೇಲೆ ನಿಂತುಹೋಯಿತು" ಎಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಉಷ್ಣವಾಗಿರಬೇಕು ಎಂದು ಎಳನೀರು ಕುಡಿದು ತಿಂಗಳುಗಟ್ಟಲೆ ಮುಂದೂಡುವವರೂ ಇದ್ದಾರೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಕಂಡ ರಕ್ತ ಒಂದು ಹನಿಯಾದರೂ ಅದಕ್ಕೆ ಕಾರಣ ಹುಡುಕಲೇಬೇಕು. ಮುಟ್ಟು ನಿಂತವರಲ್ಲಿ ತೊಂದರೆಯೇ ಇಲ್ಲದೆ ಆಕಸ್ಮಿಕವಾಗಿ ಕಂಡ ಸಣ್ಣ ಪಾಲಿಪ್ ಬಗ್ಗೆ ಮಾತ್ರ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವಿದೆ. ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಗರ್ಭಕೋಶದ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಇದೆಯೇ ಎಂಬುದನ್ನೆಲ್ಲ ನೋಡಿ ತೆಗೆಯುವ ಕಡೆಗೆ ಒಲಿಯುವವರು ಹೆಚ್ಚು.

ಮಾತ್ರೆಯಿಂದ ಕರಗುತ್ತದೆಯೇ

ಪ್ರೊಜೆಸ್ಟರಾನ್ ಗುಂಪಿನ ಮಾತ್ರೆಗಳನ್ನು ಎರಡು ಮೂರು ತಿಂಗಳು ಬರೆದುಕೊಡುವುದು ಸಾಮಾನ್ಯ. ಅದರಿಂದ ಸ್ರಾವ ತಗ್ಗಬಹುದು, ಆದರೆ ಪಾಲಿಪ್ ಕರಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ತೊಂದರೆ ಮರಳುವುದೇ ಹೆಚ್ಚು. ಶಸ್ತ್ರಕ್ರಿಯೆಗೆ ದಿನ ಸಿಗುವವರೆಗೆ ರಕ್ತ ಹೋಗುವುದನ್ನು ತಡೆಯಲು, ಹಿಮೋಗ್ಲೋಬಿನ್ ಏರಿಸಿಕೊಳ್ಳಲು ಸಮಯ ಪಡೆಯಲು ಮಾತ್ರೆ ಉಪಯುಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇರುವಾಗ, ತಿಂಗಳಿಗೆ ಹದಿನೈದು ದಿನ ಸ್ರಾವವಾಗುತ್ತಿರುವವರಿಗೆ ಕಬ್ಬಿಣಾಂಶದ ಮಾತ್ರೆ ಅಥವಾ ಇಂಜೆಕ್ಷನ್ ಕೊಡದೆ ಬರೀ ಪಾಲಿಪ್‌ನ ಚರ್ಚೆ ಮಾಡುವುದು ಅರ್ಧ ಚಿಕಿತ್ಸೆ.

ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದ್ದು ಬೇರೆ ಲೆಕ್ಕ. ಮಿರೆನಾ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದ ಇದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇದ್ದು, ಅದು ವರ್ಷಗಳ ಕಾಲ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗಿ ಒಳಪದರವನ್ನು ತೆಳ್ಳಗಿಡುತ್ತದೆ. ಇರುವ ಪಾಲಿಪ್ ತೆಗೆಯದೆ ಇದನ್ನು ಹಾಕಿಸಿಕೊಂಡು ಕೂರುವುದು ಸರಿಯಾದ ಕ್ರಮವಲ್ಲ. ತೆಗೆದ ಮೇಲೆ, ಸ್ರಾವವೂ ಹೆಚ್ಚಿದ್ದು ಸದ್ಯಕ್ಕೆ ಮಗು ಬೇಡವೆನ್ನುವವರಿಗೆ, ಮರುಕಳಿಸುವುದನ್ನು ತಗ್ಗಿಸಲು ಇದು ಒಳ್ಳೆಯ ಆಯ್ಕೆ. ಮೊದಲ ಕೆಲವು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮುಂಚೆಯೇ ತಿಳಿದಿರದಿದ್ದರೆ, ಹೋದ ಪಾಲಿಪ್ ಮತ್ತೆ ಬಂತೆಂದು ಹೆದರುವಂತಾಗುತ್ತದೆ. ಸ್ತನ ಕ್ಯಾನ್ಸರ್ ಆದವರಿಗೆ ಈ ಸಾಧನ ಹೊಂದುವುದಿಲ್ಲ. ಅವರು ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಲ್ಲದೆ ಇದರ ವಿಚಾರಕ್ಕೇ ಹೋಗಬಾರದು.

ಡಿ ಅಂಡ್ ಸಿ ಮತ್ತು ಹಿಸ್ಟರೋಸ್ಕೋಪಿ

ತೆಗೆಸುವುದೆಂದು ನಿಶ್ಚಯವಾದ ಮೇಲೆ ಎದುರಾಗುವ ಈ ಆಯ್ಕೆಯೇ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದೆಂದು ನನ್ನ ಎಣಿಕೆ. ವಿಚಿತ್ರವೆಂದರೆ ರೋಗಿಗಳು ಅತಿ ಕಡಿಮೆ ಪ್ರಶ್ನೆ ಕೇಳುವುದೂ ಇಲ್ಲಿಯೇ. "ಕ್ಲೀನ್ ಮಾಡಿಸಿಕೊಂಡು ಬಂದೆ" ಎಂದು ನಮ್ಮಲ್ಲಿ ಹೇಳುವ ಡಿ ಅಂಡ್ ಸಿಯಲ್ಲಿ ಗರ್ಭಕೋಶದ ಕೊರಳನ್ನು ಹಿಗ್ಗಿಸಿ, ಕ್ಯೂರೆಟ್ ಎಂಬ ಸಾಧನದಿಂದ ಒಳಪದರವನ್ನು ಕೆರೆದು ತೆಗೆಯುತ್ತಾರೆ. ವೈದ್ಯರ ಕೈ ಎಷ್ಟೇ ಪಳಗಿದ್ದರೂ ಒಳಗಿನದು ಅವರಿಗೆ ಕಾಣುವುದಿಲ್ಲ. ಮೆತ್ತನೆಯ ಪಾಲಿಪ್ ಸಾಧನದಡಿ ಜಾರಿ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮೇಲಿನ ತುದಿಯಷ್ಟೇ ತುಂಡಾಗಿ ಬುಡ ಹಾಗೆಯೇ ಉಳಿಯುತ್ತದೆ. ಡಿ ಅಂಡ್ ಸಿ ಆದ ಮೇಲೆ ಹಿಸ್ಟರೋಸ್ಕೋಪಿಯಲ್ಲಿ ನೋಡಿದಾಗ ಪಾಲಿಪ್ ಪೂರ್ತಿಯಾಗಿಯೋ ಭಾಗಶಃವಾಗಿಯೋ ಉಳಿದಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕೆರೆದು ಬಂದ ಚೂರುಗಳ ವರದಿ "ಸಹಜ" ಎಂದು ಬಂದರೂ, ಪಾಲಿಪ್‌ನ ಚೂರು ಅದರಲ್ಲಿ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಉಳಿಯುತ್ತದೆ.

ಹಿಸ್ಟರೋಸ್ಕೋಪಿಯಲ್ಲಿ ಸಲೈನ್ ದ್ರಾವಣದಿಂದ ಗರ್ಭಕೋಶವನ್ನು ಹಿಗ್ಗಿಸಿ, ಪರದೆಯ ಮೇಲೆ ಒಳಗನ್ನೆಲ್ಲ ನೋಡುತ್ತಾ, ಪಾಲಿಪ್ ಗೋಡೆಗೆ ಅಂಟಿದ ಬುಡವನ್ನೇ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿದ ಒಳಪದರಕ್ಕೆ ಪೆಟ್ಟಾಗುವುದಿಲ್ಲ. ಮುಂದೆ ಮಗು ಬೇಕೆನ್ನುವವರಿಗೆ ಇದು ದೊಡ್ಡ ಮಾತು, ಏಕೆಂದರೆ ಗಟ್ಟಿಯಾಗಿ ಕೆರೆದಾಗ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆ ಇರುತ್ತದೆ. ತೊಂದರೆಗಳು ಇಲ್ಲಿಯೂ ಇಲ್ಲದಿಲ್ಲ: ಗರ್ಭಕೋಶಕ್ಕೆ ರಂಧ್ರವಾಗುವುದು, ಸೋಂಕು, ಒಳಗೆ ಬಿಟ್ಟ ದ್ರಾವಣ ಅತಿಯಾಗಿ ರಕ್ತಕ್ಕೆ ಸೇರುವುದು. ಪಾಲಿಪ್ ತೆಗೆಯುವಂಥ ಚಿಕ್ಕ ಕ್ರಿಯೆಯಲ್ಲಿ ಇವು ವಿರಳ. ಸಾಮಾನ್ಯ ಸಲೈನ್ ಬದಲು ಗ್ಲೈಸಿನ್ ದ್ರಾವಣ ಬಳಸುವ ಹಳೆಯ ಬಗೆಯ ವಿದ್ಯುತ್ ಸಾಧನವಾದರೆ ರಕ್ತದ ಸೋಡಿಯಂ ಇಳಿಯುವ ಅಪಾಯವಿರುವುದರಿಂದ, ಒಳಹೋದ ಮತ್ತು ಹೊರಬಂದ ದ್ರಾವಣದ ಲೆಕ್ಕವನ್ನು ಇನ್ನೂ ಬಿಗಿಯಾಗಿ ಇಡಬೇಕಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಅದನ್ನು ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ಡಿ ಅಂಡ್ ಸಿ ಇನ್ನೂ ಏಕೆ ನಡೆಯುತ್ತದೆ? ತಾಲ್ಲೂಕು ಮಟ್ಟದ ಎಷ್ಟೋ ಆಸ್ಪತ್ರೆಗಳಲ್ಲಿ ಕ್ಯೂರೆಟ್ ಇರುತ್ತದೆ, ಹಿಸ್ಟರೋಸ್ಕೋಪ್ ಇರುವುದಿಲ್ಲ. ಧಾರಾಕಾರ ಸ್ರಾವವನ್ನು ತಕ್ಷಣ ನಿಲ್ಲಿಸಬೇಕಾದ ಸಂದರ್ಭದಲ್ಲಿ ಅದು ಜೀವ ಉಳಿಸುವ ಕ್ರಿಯೆಯೂ ಹೌದು. ಆದರೆ ತುರ್ತಿಲ್ಲದ, ಸ್ಕ್ಯಾನಿಂಗಿನಲ್ಲಿ ಪಾಲಿಪ್ ಎಂದೇ ಕಂಡಿರುವ ಮಹಿಳೆ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಸೌಲಭ್ಯವಿರುವ ಬೇರೆ ಆಸ್ಪತ್ರೆಗೋ ಹೋಗಿ ಹಿಸ್ಟರೋಸ್ಕೋಪಿ ಮಾಡಿಸಿಕೊಳ್ಳುವುದೇ ಸರಿ. ಒಮ್ಮೆ ಡಿ ಅಂಡ್ ಸಿ ಮಾಡಿಸಿ, ಆರು ತಿಂಗಳಲ್ಲಿ ಅದೇ ತೊಂದರೆಯಿಂದ ಮತ್ತೊಮ್ಮೆ ದಾಖಲಾಗುವ ಖರ್ಚಿನ ಮುಂದೆ ಮೊದಲ ಬಾರಿಯ ಬಸ್ ಪ್ರಯಾಣ ಹೆಚ್ಚಲ್ಲ. ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು "ಕ್ಯಾಮೆರಾದಲ್ಲಿ ನೋಡಿ ತೆಗೀತೀರಾ ಡಾಕ್ಟ್ರೇ?" ಎಂದು ಒಂದು ಮಾತು ಕೇಳಿದರೆ ಸಾಕು, ಉತ್ತರ ಸ್ಪಷ್ಟವಾಗುತ್ತದೆ.

ಪ್ರಜ್ಞೆಯಿದ್ದೇ ಮಾಡಿಸುವುದೋ, ಅರಿವಳಿಕೆಯಲ್ಲೋ

ಹಿಸ್ಟರೋಸ್ಕೋಪಿಯನ್ನೂ ಎರಡು ಬಗೆಯಲ್ಲಿ ಮಾಡುತ್ತಾರೆ. ತೆಳುವಾದ ನಳಿಕೆ ಬಳಸಿ, ಹೊರರೋಗಿ ವಿಭಾಗದಲ್ಲಿ, ನೋವು ನಿವಾರಕ ಅಥವಾ ಸ್ಥಳೀಯ ಅರಿವಳಿಕೆ ಕೊಟ್ಟು ಮಾಡುವುದು ಒಂದು. ಆಪರೇಷನ್ ಥಿಯೇಟರಿನಲ್ಲಿ ಪೂರ್ಣ ಅಥವಾ ಬೆನ್ನಿನ ಅರಿವಳಿಕೆ ಕೊಟ್ಟು ಮಾಡುವುದು ಇನ್ನೊಂದು. ಬ್ರಿಟನ್ನಿನಲ್ಲಿ ಈ ಎರಡನ್ನೂ ಹೋಲಿಸಿ 507 ಮಹಿಳೆಯರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ನಂತರ ರಕ್ತಸ್ರಾವ ಹತೋಟಿಗೆ ಬಂದಿದ್ದವರ ಪ್ರಮಾಣ ಹೊರರೋಗಿ ಗುಂಪಿನಲ್ಲಿ 73%, ಅರಿವಳಿಕೆಯ ಗುಂಪಿನಲ್ಲಿ 80%. ಪಾಲಿಪ್ ತೆಗೆಯಲಾಗದೆ ವಿಫಲವಾದದ್ದು ಮೊದಲನೆಯದರಲ್ಲಿ 19%, ಎರಡನೆಯದರಲ್ಲಿ 7%. ಇನ್ನೊಂದು ಕಡೆ, ಗರ್ಭಕೋಶಕ್ಕೆ ರಂಧ್ರವಾದ ಪ್ರಕರಣಗಳು ಅರಿವಳಿಕೆಯ ಗುಂಪಿನಲ್ಲಿಯೇ ಆದವು. ಇದರಿಂದ ನಾನು ತೆಗೆಯುವ ತಾತ್ಪರ್ಯ ಇಷ್ಟು: ಪಾಲಿಪ್ ಚಿಕ್ಕದಾಗಿ, ತೊಟ್ಟಿನದಾಗಿದ್ದು, ಸಹಜ ಹೆರಿಗೆ ಆಗಿರುವವರಿಗೆ ಹೊರರೋಗಿ ವಿಧಾನ ಚೆನ್ನಾಗಿ ಒಗ್ಗುತ್ತದೆ; ಅರ್ಧ ದಿನದಲ್ಲಿ ಮನೆಗೆ ಹೋಗಬಹುದು, ಅರಿವಳಿಕೆಯ ಅಪಾಯ ಮತ್ತು ಖರ್ಚು ಉಳಿಯುತ್ತದೆ. ಪಾಲಿಪ್ ದೊಡ್ಡದಾಗಿದ್ದು ಬುಡ ಅಗಲವಾಗಿದ್ದರೆ, ಗರ್ಭಕೋಶದ ಕೊರಳು ಬಿಗಿಯಾಗಿದ್ದರೆ, ಅಥವಾ ಒಳಪರೀಕ್ಷೆಯೆಂದರೇ ಮೈ ಬಿಗಿಯಾಗುವಷ್ಟು ಭಯವಿದ್ದರೆ ಅರಿವಳಿಕೆಯೇ ವಾಸಿ. ನೋವು ತಡೆಯಲಾಗದಿದ್ದರೆ ನಡುವೆಯೇ ನಿಲ್ಲಿಸಿ ಎನ್ನುವ ಹಕ್ಕು ರೋಗಿಗಿದೆ.

ಕತ್ತರಿ, ವಿದ್ಯುತ್ ಕುಣಿಕೆ, ಕತ್ತರಿಸುತ್ತಲೇ ಹೀರಿಕೊಳ್ಳುವ ಯಂತ್ರ, ಇವುಗಳಲ್ಲಿ ಯಾವುದು ಎಂಬುದನ್ನು ವೈದ್ಯರಿಗೆ ಬಿಡಬಹುದು. ಅವರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ಒಳ್ಳೆಯದು. ಯಂತ್ರದ ಬಿಡಿಭಾಗ ಒಂದೇ ಸಲ ಬಳಸುವಂಥದ್ದಾದ್ದರಿಂದ ಬಿಲ್ಲು ಏರುತ್ತದೆ ಎಂಬುದಷ್ಟೇ ಕೇಳಿ ತಿಳಿಯಬೇಕಾದದ್ದು.

ಮಗು ಬೇಕೆನ್ನುವವರಿಗೆ

ಪಾಲಿಪ್ ಇದ್ದರೂ ಗರ್ಭ ನಿಂತವರು ಇದ್ದಾರೆ. ಆದರೆ ಬಹಳ ದಿನ ಪ್ರಯತ್ನಿಸಿ ಫಲ ಕಾಣದವರಲ್ಲಿ ಪಾಲಿಪ್ ಕಂಡರೆ, ಚಿಕ್ಕದಾದರೂ, ಮುಂದಿನ ಚಿಕಿತ್ಸೆಗೆ ಮೊದಲು ತೆಗೆಯುವುದು ವಾಡಿಕೆ. ಸ್ಪೇನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಮುಖ್ಯ ಆಧಾರ: ಐಯುಐ (ವೀರ್ಯವನ್ನು ನಳಿಕೆಯ ಮೂಲಕ ನೇರವಾಗಿ ಗರ್ಭಕೋಶದೊಳಗೆ ಬಿಡುವ) ಚಿಕಿತ್ಸೆಗೆ ಮೊದಲು ಪಾಲಿಪ್ ತೆಗೆಸಿಕೊಂಡವರಲ್ಲಿ 63% ಮಂದಿ, ತೆಗೆಸದೆ ಬಯಾಪ್ಸಿ (ಪರೀಕ್ಷೆಗೆಂದು ಚೂರು ತೆಗೆಯುವುದು) ಮಾತ್ರ ಮಾಡಿಸಿಕೊಂಡವರಲ್ಲಿ 28% ಮಂದಿ ಗರ್ಭ ಧರಿಸಿದರು. ಕೆಲವರು ಪಾಲಿಪ್ ಹೋದ ಮೇಲೆ ಐಯುಐ ಶುರುವಾಗುವ ಮೊದಲೇ ಸಹಜವಾಗಿ ಗರ್ಭಿಣಿಯರಾದರು. ಇದೊಂದೇ ಅಧ್ಯಯನವನ್ನು ಹಿಡಿದು ಎಲ್ಲರಿಗೂ ಭರವಸೆ ಕೊಡಲಾಗದು, ಆದರೆ ದುಬಾರಿಯಾದ ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಮುನ್ನ ಈ ಚಿಕ್ಕ ಶಸ್ತ್ರಕ್ರಿಯೆಯನ್ನು ಮುಗಿಸಿಕೊಳ್ಳುವುದು ವಿವೇಕ.

ಗರ್ಭಕೋಶವನ್ನೇ ತೆಗೆಸುವುದು

ನಿರಪಾಯಕಾರಿ ಪಾಲಿಪ್ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸಬೇಕಾಗಿಲ್ಲ. "ಇವತ್ತಲ್ಲ ನಾಳೆ ಕ್ಯಾನ್ಸರ್ ಆಗುತ್ತದೆ" ಎಂಬ ಹೆದರಿಕೆಯ ಮೇಲೆ ಈ ಸಲಹೆ ಕೊಟ್ಟರೆ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಲೇಬೇಕು. ಇದು ಬರಿಯ ಊಹೆಯ ಎಚ್ಚರಿಕೆಯಲ್ಲ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕುಟುಂಬಗಳ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ರಾಜ್ಯದಾದ್ಯಂತ ಸುದ್ದಿಯಾಗಿತ್ತು. ರಾಜಸ್ಥಾನ, ಬಿಹಾರ, ಛತ್ತೀಸಗಢಗಳ ಇಂಥದೇ ದೂರುಗಳ ಮೇಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ರೂಪಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ದೊಡ್ಡ ಶಸ್ತ್ರಕ್ರಿಯೆಯಾದ ಇದರಲ್ಲಿ ಚೇತರಿಕೆಗೆ ದಿನಗಳಲ್ಲ, ವಾರಗಳು ಬೇಕು. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮುಟ್ಟು ನಿಂತಾಗಿನ ಬಿಸಿ ಏರುವಿಕೆ, ನಿದ್ದೆಗೇಡು, ಮೂಳೆ ಸವೆತಗಳೆಲ್ಲ ಒಮ್ಮೆಲೇ ಬಂದೆರಗುತ್ತವೆ. ಉಳಿಸಿಕೊಂಡರೂ ಅವು ಸಹಜಕ್ಕಿಂತ ಬೇಗ ಕೆಲಸ ನಿಲ್ಲಿಸಬಹುದು. ಪಾಲಿಪ್‌ನಲ್ಲಿ ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತದ ಬದಲಾವಣೆ ಕಂಡಾಗ, ಅಥವಾ ದೊಡ್ಡ ಫೈಬ್ರಾಯ್ಡ್‌ನಂಥ ಬೇರೆ ಗಟ್ಟಿ ಕಾರಣ ಜೊತೆಗಿದ್ದು ಉಳಿದ ಚಿಕಿತ್ಸೆಗಳು ಫಲಿಸದಾಗ, ಗರ್ಭಕೋಶ ತೆಗೆಯುವುದು ಸರಿಯಾದ ನಿರ್ಧಾರವೇ ಆಗುತ್ತದೆ. ಮಗು ಬೇಕೆಂಬ ವಯಸ್ಸಿನವರಲ್ಲಿ, ಕ್ಯಾನ್ಸರಿನ ಹಿಂದಿನ ಹಂತವಾಗಿದ್ದರೆ, ಬಿಗಿಯಾದ ನಿಗಾದೊಂದಿಗೆ ಹಾರ್ಮೋನ್ ಚಿಕಿತ್ಸೆಗೂ ಅವಕಾಶವಿದೆ. ಅದನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ತಜ್ಞರೊಡನೆ ಕೂತು ತೀರ್ಮಾನಿಸಬೇಕು.

ತೆಗೆದ ಮೇಲೆ

ತೆಗೆದ ಪಾಲಿಪ್ ಫಾರ್ಮಲಿನ್ ತುಂಬಿದ ಸಣ್ಣ ಡಬ್ಬಿಗೆ ಹೋಗುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಆ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ತಲುಪಿಸಿ ಎನ್ನುತ್ತಾರೆ. ಡಬ್ಬಿಯ ಮೇಲೆ ರೋಗಿಯ ಹೆಸರು, ವಯಸ್ಸು, ದಿನಾಂಕ ಬರೆದಿದೆಯೇ, ಜೊತೆಗಿನ ಚೀಟಿಯಲ್ಲಿ ಮುಟ್ಟು ನಿಂತಿದೆಯೋ ಇಲ್ಲವೋ ಎಂಬ ವಿವರ ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಸಂಜೆಯಾಯಿತೆಂದು ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಮರೆಯುವುದು, ಹಣ ಉಳಿಸಲೆಂದು ಪರೀಕ್ಷೆಗೆ ಕೊಡದೇ ಇರುವುದು ಎರಡೂ ನಡೆಯುತ್ತವೆ. ಅಲ್ಲಿಗೆ ಇಡೀ ಶಸ್ತ್ರಕ್ರಿಯೆಯ ಅರ್ಧ ಪ್ರಯೋಜನ ಹೋದಂತೆ. ವರದಿ ಬಂದ ಮೇಲೆ ಅದನ್ನು ವೈದ್ಯರಿಗೆ ತೋರಿಸಿ, ಮೂಲ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಕೆಲವು ದಿನ ಸ್ವಲ್ಪ ರಕ್ತದ ಕಲೆ, ಕೆಳಹೊಟ್ಟೆಯ ಸೆಳೆತ ಸಹಜ. ಜ್ವರ, ದುರ್ವಾಸನೆಯ ಸ್ರಾವ, ಏರುತ್ತಲೇ ಹೋಗುವ ಹೊಟ್ಟೆನೋವು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಪಾಲಿಪ್ ಕೆಲವರಲ್ಲಿ ಮತ್ತೆ ಬೆಳೆಯುತ್ತದೆ. ಹಲವು ಪಾಲಿಪ್‌ಗಳಿದ್ದವರು ಮತ್ತು ಟ್ಯಾಮಾಕ್ಸಿಫೆನ್ ಮುಂದುವರಿಸುವವರು ಈ ಬಗ್ಗೆ ಹೆಚ್ಚು ಎಚ್ಚರದಿಂದಿರಬೇಕು. ತೊಂದರೆಯಿಲ್ಲದವರು ವರ್ಷವರ್ಷವೂ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕಾಗಿಲ್ಲ. ಮುಟ್ಟುಗಳ ನಡುವೆ ಮತ್ತೆ ರಕ್ತ ಕಾಣಿಸಿದಾಗ, ಹಳೆಯ ವರದಿಗಳ ಕಡತವನ್ನು ಹಿಡಿದುಕೊಂಡು, ಮುಟ್ಟಿನ ಹತ್ತನೆಯ ದಿನದೊಳಗೆ ಹೋದರೆ ಆಯಿತು. ಮುಟ್ಟು ನಿಂತವರು ಮಾತ್ರ ದಿನ ಎಣಿಸದೆ ಕೂಡಲೇ ಹೋಗಬೇಕು.